ಹಳೆಯದನ್ನು ತೋರಿಸಿ

ಪೂಂತಾ ಅರೇನಾಸಿನಲ್ಲಿ ಗಾಳಿಗೆ ರಜೆಯಿಲ್ಲ.
ದೋಣಿ ಕಚೇರಿಯ ಕಂಪ್ಯೂಟರ್ ಸತ್ತ ದಿನವೂ
ಮಾಡಿನ ತಗಡು ಬಡಿಯುತ್ತಲೇ ಇತ್ತು,
ಬೀದಿಗೆ ಕಟ್ಟಿದ ಹಗ್ಗ ಹಿಡಿದು
ಜನ ಓರೆಯಾಗಿ ನಡೆಯುತ್ತಿದ್ದರು.

'ಸತ್ತದ್ದು ಕಂಪ್ಯೂಟರಲ್ಲ, ಅದರ ಡಿಸ್ಕು'
ಎಂದು ತಿದ್ದಿದಳು ದಾನಿತ್ಸಾ ಇವೆಲಿಚ್,
ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡೇ.
ಬಿಚ್ಚಿ ಕಿವಿಗೆ ಹಿಡಿದು ಅಲ್ಲಾಡಿಸಿದಳು:
ಒಳಗೆ ಮರಳು ಜರಡಿಯಾಡುವ ಸದ್ದು.
ಹೊಸದನ್ನು ಕೂರಿಸಿದಳು.
ಅದರಲ್ಲಿ ಒಂದು ಟಿಕೇಟಿಲ್ಲ, ಒಂದು ಕುರಿಲಾರಿಯ ಲೆಕ್ಕವಿಲ್ಲ,
ಜಲಸಂಧಿ ದಾಟಿದವರು ಯಾರೂ ಇಲ್ಲ.

ಪೂರ್ತಿ ಪೆಟ್ಟಿಗೆಯ ಬೆಲೆ ಕೇಳಿ
ಮ್ಯಾನೇಜರು ಕೆಮ್ಮಿದ್ದರು. ಮೂಗಿಗಿಂತ ಮೂಗುತಿ ಭಾರ.
ಅದಕ್ಕೇ ಅಪ್‌ಗ್ರೇಡ್ ಪೆಟ್ಟಿಗೆ ತಂದದ್ದು,
ಅರ್ಧ ಬೆಲೆ, ಒಳಗೆ ಒಂದೇ ಹೊಳೆಯುವ ತಟ್ಟೆ.
ಅದು ತಿರುಗಿತು, ಗುನುಗಿತು,
ನೀಲಿ ಪರದೆಯಲ್ಲಿ ಕೇಳಿತು:
ಹಿಂದಿನದು ಎಲ್ಲಿ? ತೋರಿಸಿ.

ಹೆರಿಗೆ ಕೋಣೆಯ ಬಾಗಿಲಲ್ಲೇ ನಿಂತು
ಕೂಸಿನ ಕುಲಗೋತ್ರ ಕೇಳುವ ಗುಮಾಸ್ತ!
ನನಗೆ ನಗು ಬಂತು. ಆಗ ನನಗೆ ಹದಿನೆಂಟು,
ಕೆಲಸಕ್ಕೆ ಸೇರಿ ಹನ್ನೊಂದು ದಿನ.
ದಾನಿತ್ಸಾ ನಗಲಿಲ್ಲ.
'ಹಳೆಯ ಸಿ.ಡಿ. ಬೇಕು. ಇಲ್ಲಿ ಮೊದಲು ಯಾರಿದ್ದರು?'

ಇದ್ದವರು ಎಲೆಉತೇರಿಯೊ ಚಿಗ್ವಾಯ್,
ನಿವೃತ್ತಿಯಾಗಿ ಆಚೆ ದಡದ ಪೋರ್ವೆನೀರಿನಲ್ಲಿ.
ಫೋನಿನಲ್ಲಿ ಬಹಳ ಹೊತ್ತು ಗಾಳಿಯೇ ಮಾತಾಡಿತು,
ನಡುನಡುವೆ ಅವರು.
'ಆ ಸಿ.ಡಿ.ಯಾ? ಇದೆಯಲ್ಲ.
ಗ್ರೊಸೆಯಾ ಪೊದೆಗೆ ಕಟ್ಟಿದ್ದೇವೆ,
ಹಕ್ಕಿ ಹಣ್ಣು ತಿನ್ನದ ಹಾಗೆ.'

ಪೋರ್ವೆನೀರ್ ಎಂದರೆ ನಮ್ಮ ಮಾತಿನಲ್ಲಿ ಮುಂದೆ ಬರುವುದು.
ಹಿಂದಿನದನ್ನು ತರಲು ನಾನು ಅಲ್ಲಿಗೆ ಹೋದೆ,
ಕೈಯಲ್ಲಿ ಬರೆದ ಟಿಕೇಟು,
ಎರಡು ತಾಸು ಅಲೆ, ಒಮ್ಮೆ ವಾಂತಿ.

ನಡುವಿನ ತೂತಿಗೆ ಬಲೆಯ ನೀಲಿ ದಾರ.
ನಾಲ್ಕು ಬೇಸಿಗೆಯ ಮರಳು ಉಜ್ಜಿ ಉಜ್ಜಿ
ಮುಖ ಮಂಜಾಗಿತ್ತು, ಮೇಲೆ ಹಿಕ್ಕೆ.
'ಶನಿವಾರದೊಳಗೆ ವಾಪಸ್ಸು ಬರಬೇಕು,' ಎಂದರು ರೊಸಾಲ್ಬಾ,
'ಹಣ್ಣು ಕೆಂಪಾಗುತ್ತಿದೆ.'

ದಾನಿತ್ಸಾ ಅದನ್ನು ಪಾತ್ರೆ ಸೋಪಿನಲ್ಲಿ ತೊಳೆದಳು,
ಹಲ್ಲುಜ್ಜುವ ಪೇಸ್ಟು ಹಚ್ಚಿ
ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ
ತನ್ನ ಅಂಗಿಯ ತೋಳಿನಲ್ಲಿ ಒರೆಸಿದಳು.
ಮೊದಲ ಸಲ ಯಂತ್ರ ಅದನ್ನು ಉಗುಳಿತು.
ಎರಡನೆಯ ಸಲ ತಡಕಾಡಿತು, ನಿಂತಿತು,
ಮತ್ತೆ ತಡಕಾಡಿತು.
ಕತ್ತಲೆಯಲ್ಲಿ ಚಪ್ಪಲಿ ಹುಡುಕುವವರ ಹಾಗೆ.

ಮೂರನೆಯ ಸಲ, ಸರಿ ಎಂದಿತು.
ಅದು ಏನನ್ನೂ ತೆಗೆದುಕೊಳ್ಳಲಿಲ್ಲ.
ಒಂದು ಸಾಲನ್ನೂ ನಕಲು ಮಾಡಲಿಲ್ಲ.
ನಾಲ್ಕಾರು ಹೆಸರು ನೋಡಿತು, ಅಷ್ಟೆ,
ಹೊರಗಿಟ್ಟಿತು. ತಟ್ಟೆ ಬೆಚ್ಚಗಿತ್ತು.

ಆಮೇಲೆ ಇಪ್ಪತ್ತೈದು ಅಕ್ಷರದ ಕೀಲಿ.
ನಾನು ಓದಬೇಕು, ಅವಳು ಒತ್ತಬೇಕು.
ನಮ್ಮ ನಾಲಿಗೆಗೆ ಬಿಯೂ ವಿಯೂ ಒಂದೇ,
ಪ್ರತಿ ಸಲ ತಲೆಯೆತ್ತಿ ಕೇಳುವಳು:
'ಕತ್ತೆಯದೋ, ಹಸುವಿನದೋ?'
'ಹಸು. ಎಂಟು. ಕತ್ತೆ. ಇನ್ನೊಂದು ಕತ್ತೆ.'
ಸಾಲಿನಲ್ಲಿ ಕಾದಿದ್ದ ಕುರಿ ವ್ಯಾಪಾರಿ
ಟೋಪಿ ತೆಗೆದು ನಮ್ಮನ್ನೇ ನೋಡುತ್ತಿದ್ದ.
ನೂರಕ್ಕೆ ಮೂವತ್ತೊಂಬತ್ತರಲ್ಲಿ ಅದು ಎಷ್ಟು ಹೊತ್ತು ನಿಂತಿತೆಂದರೆ
ದಾನಿತ್ಸಾ ಒಂದು ಮಾತೆ ಕುಡಿದು ಮುಗಿಸಿದಳು.

ಶುಕ್ರವಾರ ಆ ಕಂಪ್ಯೂಟರು ಮುದ್ರಿಸಿದ
ಮೊದಲ ಟಿಕೇಟು ನನ್ನದು.
ಸಂಖ್ಯೆ ಒಂದು. ಸಾಮಾನು: ಇಲ್ಲ.
ಸಿ.ಡಿ. ನನ್ನ ಎದೆಜೇಬಿನಲ್ಲಿತ್ತು.

ದಾರ ಬಿಗಿಯುತ್ತಾ ರೊಸಾಲ್ಬಾ ಕೇಳಿದರು,
'ನಿಮ್ಮ ಯಂತ್ರ ಇದನ್ನು ನಂಬಿತಾ?'
'ನಂಬಿತು.'
'ಹಕ್ಕಿಗಳು ನಂಬುವುದು ಬಿಟ್ಟು ಎರಡು ವರ್ಷವಾಯಿತು,'
ಎಂದು ಇನ್ನೊಂದು ಗಂಟು ಹಾಕಿದರು.